ಚಿಕ್ಕ ರಾಟೆಯ ದೊಡ್ಡ ಲೆಕ್ಕ

೧೯೩೦ನೆಯ ಇಸವಿಯ ಜೂನ್ ತಿಂಗಳು. ಫ್ರಾನ್ಸ್ ದೇಶದ ಲ ಮಾನ್ ಪಟ್ಟಣದ ಹೊರವಲಯದಲ್ಲಿ ಇಪ್ಪತ್ತನಾಲ್ಕು ಗಂಟೆಗಳ ಮೋಟಾರು ಪಂದ್ಯ ಆರಂಭವಾಗಿ ಇನ್ನೂ ಹೆಚ್ಚು ಹೊತ್ತಾಗಿರಲಿಲ್ಲ. ಜರ್ಮನಿಯ ರುಡಾಲ್ಫ್ ಕರಾಚಿಯೋಲನ ಮರ್ಸಿಡಿಸ್ ಎಲ್ಲರಿಗಿಂತ ಮುಂದೆ ಓಡುತ್ತಿತ್ತು. ಅದರ ಬೆನ್ನು ಹತ್ತಿದ್ದವನು ಇಂಗ್ಲೆಂಡಿನ ಟಿಮ್ ಬಿರ್ಕಿನ್. ನೇರ ರಸ್ತೆಯೊಂದರಲ್ಲಿ ಆತ ತನ್ನ ಬೆಂಟ್ಲಿಯ ಎರಡು ಚಕ್ರಗಳನ್ನು ಪಕ್ಕದ ಹುಲ್ಲಿನ ಮೇಲೆ ಇಳಿಸಿ, ಟೈರಿನ ಮೇಲ್ಪದರ ಹರಿದು ಹಾರುತ್ತಿದ್ದರೂ ಲೆಕ್ಕಿಸದೆ, ಜರ್ಮನಿಯ ಕಾರನ್ನು ಹಿಂದೆ ಹಾಕಿದನು. ನೋಡಿದವರ ಮೈ ಜುಮ್ಮೆಂದಿತು. ಆ ಎರಡು ಕಾರುಗಳ ಎಂಜಿನ್ನುಗಳಿಗೂ ‘ಸೂಪರ್‌ಚಾರ್ಜರ್’ ಎಂಬ, ಗಾಳಿಯನ್ನು ಒತ್ತಿ ತುಂಬುವ ಸಾಧನವನ್ನು ಜೋಡಿಸಿದ್ದರು. ಆದರೆ ಮರುದಿನ ಪಂದ್ಯ ಮುಗಿದಾಗ ಆ ಮರ್ಸಿಡಿಸ್ ಆಗಲಿ, ಸೂಪರ್‌ಚಾರ್ಜರ್ ಹೊತ್ತ ಬೆಂಟ್ಲಿಗಳಾಗಲಿ ಕಣದಲ್ಲಿ ಉಳಿದಿರಲಿಲ್ಲ. ಗೆದ್ದದ್ದು ಬಾರ್ನಾಟೊ ಮತ್ತು ಕಿಡ್‌ಸ್ಟನ್ ಜೋಡಿಯ ಇನ್ನೊಂದು ಬೆಂಟ್ಲಿ. ಅದಕ್ಕೆ ಸೂಪರ್‌ಚಾರ್ಜರ್ ಇರಲಿಲ್ಲ!

ಈ ಫಲಿತಾಂಶದಿಂದ ಬೆಂಟ್ಲಿ ಕಂಪೆನಿಯ ಸ್ಥಾಪಕನಾದ ಡಬ್ಲ್ಯು. ಓ. ಬೆಂಟ್ಲಿಗೆ ಆಶ್ಚರ್ಯವೇನೂ ಆಗಿರಲಾರದು. ಹೆಚ್ಚು ಶಕ್ತಿ ಬೇಕಾದರೆ ಎಂಜಿನ್ನನ್ನೇ ದೊಡ್ಡದು ಮಾಡಬೇಕು, ಚಿಕ್ಕ ಎಂಜಿನ್ನಿನ ಬಾಯಿಗೆ ಬಲವಂತವಾಗಿ ಗಾಳಿಯನ್ನು ತುರುಕಬಾರದು ಎಂಬುದು ಆತನ ನಿಲುವು. ಬಿರ್ಕಿನ್ ಆ ಮಾತನ್ನು ಒಪ್ಪಲಿಲ್ಲ. ಒಪ್ಪದಿರಲು ಅವನಿಗೆ ಕಾರಣವೂ ಇತ್ತು. ಸಾಮಾನ್ಯವಾಗಿ ೧೧೦ ಅಶ್ವಶಕ್ತಿ ಕೊಡುತ್ತಿದ್ದ ನಾಲ್ಕೂವರೆ ಲೀಟರಿನ ಎಂಜಿನ್ನು ಸೂಪರ್‌ಚಾರ್ಜರಿನ ನೆರವಿನಿಂದ ೧೭೫ ಅಶ್ವಶಕ್ತಿ ಕೊಡಲಾರಂಭಿಸಿತ್ತು. ಇಷ್ಟು ದೊಡ್ಡ ಲಾಭವನ್ನು ಕಣ್ಣಾರೆ ಕಂಡವನು ಅಪಾಯದ ಕಡೆಗೆ ನೋಡುವುದು ಕಷ್ಟ. ಆಸೆಗೂ ಅಳತೆಗೂ ನಡುವಿನ ಈ ಜಗ್ಗಾಟ ಅಂದಿಗೇ ಮುಗಿಯಲಿಲ್ಲ. ಮುಂದಿನ ಕಾಲದಲ್ಲಿ ಅದು ಅಂಗೈಯಲ್ಲಿ ಹಿಡಿಸುವ ಒಂದು ಪುಟ್ಟ ರಾಟೆಯ ಮೇಲೆ ಬಂದು ಕುಳಿತಿತು.

ಎಂಜಿನ್ನು ಉಸಿರಾಡುವ ಬಗೆ ಸರಳವಾದುದು. ಸಿಲಿಂಡರಿನೊಳಗೆ ಪಿಸ್ಟನ್ ಕೆಳಗಿಳಿದಾಗ ಮೇಲೆ ಜಾಗ ಬರಿದಾಗುತ್ತದೆ. ಆ ಜಾಗಕ್ಕೆ ಹೊರಗಿನ ವಾಯುಮಂಡಲದ ಒತ್ತಡವೇ ಗಾಳಿಯನ್ನು ನೂಕುತ್ತದೆ. ಒಳಗೆ ಬಂದ ಗಾಳಿ ಎಷ್ಟೋ, ಅದಕ್ಕೆ ತಕ್ಕಷ್ಟೇ ಪೆಟ್ರೋಲು ಉರಿಯಬಲ್ಲದು. ಗಾಳಿಯನ್ನು ಒತ್ತಿ ತುಂಬಿದರೆ ಹೆಚ್ಚು ಪೆಟ್ರೋಲು ಉರಿದು ಹೆಚ್ಚು ಶಕ್ತಿ ಹುಟ್ಟುತ್ತದೆ. ಕಮ್ಮಾರನು ತಿದಿಯೊತ್ತಿ ಇದ್ದಲಿನ ಉರಿಯನ್ನು ಕೆರಳಿಸುವುದೂ ಇದೇ ತತ್ತ್ವದಿಂದ. ಈ ಹೋಲಿಕೆ ಬರಿಯ ಅಲಂಕಾರವಲ್ಲ. ಅಮೆರಿಕದ ಇಂಡಿಯಾನಾ ಪ್ರಾಂತದ ರೂಟ್ಸ್ ಸಹೋದರರು ೧೮೬೦ರಲ್ಲಿ ಹಕ್ಕುಪತ್ರ ಪಡೆದ ಗಾಳಿಯಂತ್ರವು ಕಬ್ಬಿಣ ಕರಗಿಸುವ ಕುಲುಮೆಗಳಲ್ಲಿ ತಿದಿಯಾಗಿ ದುಡಿಯಿತು. ಒಂದರೊಡನೊಂದು ಹೆಣೆದುಕೊಂಡು, ಆದರೆ ಒಂದನ್ನೊಂದು ಮುಟ್ಟದೆ ತಿರುಗುವ ಎರಡು ರೋಟರುಗಳು ಒಂದು ಕಡೆಯ ಗಾಳಿಯನ್ನು ಬೊಗಸೆ ಬೊಗಸೆಯಾಗಿ ಮೊಗೆದು ಇನ್ನೊಂದು ಕಡೆಗೆ ಸುರಿಯುತ್ತವೆ. ೧೮೮೫ರಲ್ಲಿ ಗಾಟ್‌ಲೀಬ್ ಡೈಮ್ಲರ್ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಉಪಾಯಕ್ಕೆ ಜರ್ಮನಿಯಲ್ಲಿ ಹಕ್ಕು ಪಡೆದನು. ೧೯೨೧ರ ಬರ್ಲಿನ್ ಪ್ರದರ್ಶನದಲ್ಲಿ ಮರ್ಸಿಡಿಸ್ ಕಂಪೆನಿಯು ಸೂಪರ್‌ಚಾರ್ಜರ್ ಸಹಿತವಾದ ಕಾರುಗಳನ್ನು ಮಾರಾಟಕ್ಕೆ ಇಟ್ಟಿತು.

ಬಿರ್ಕಿನ್ನನ ಬೆಂಟ್ಲಿಯಲ್ಲಿ ಈ ಗಾಳಿಯಂತ್ರವು ಎಂಜಿನ್ನಿನ ಮುಂದೆ, ಕ್ರ್ಯಾಂಕ್ ದಂಡದ ತುದಿಗೇ ನೇರವಾಗಿ ಜೋಡಣೆಗೊಂಡಿತ್ತು. ನಡುವೆ ಪಟ್ಟಿಯಿಲ್ಲ, ರಾಟೆಯಿಲ್ಲ. ವೇಗವನ್ನು ಬದಲಾಯಿಸಬೇಕೆಂದರೆ ಯಂತ್ರವನ್ನೇ ಬಿಚ್ಚಿ ಬೇರೆಯದನ್ನು ರಚಿಸಬೇಕು. ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದ ಉತ್ಸಾಹೀ ತರುಣರು ಜನರಲ್ ಮೋಟಾರ್ಸ್ ಕಂಪೆನಿಯ ಡೀಸೆಲ್ ಎಂಜಿನ್ನುಗಳಿಂದ ಗಾಳಿಯಂತ್ರಗಳನ್ನು ಕಳಚಿ ತಂದು, ತಮ್ಮ ಪಂದ್ಯದ ಕಾರುಗಳ ನೆತ್ತಿಯ ಮೇಲೆ ಕೂರಿಸಿ, ಹಲ್ಲುಳ್ಳ ಅಗಲವಾದ ಪಟ್ಟಿಯಿಂದ ತಿರುಗಿಸಿದರು. ಆಗ ರಾಟೆಯ ಮಹಿಮೆ ಬೆಳಕಿಗೆ ಬಂದಿತು. ರಾಟೆಯೊಂದನ್ನು ಬದಲಿಸಿದರೆ ಸಾಕು, ಗಾಳಿಯ ಪ್ರಮಾಣವೇ ಬದಲಾಗುತ್ತದೆ! ಹಲ್ಲುಳ್ಳ ರಾಟೆಯಲ್ಲಿ ಅಳೆಯುವ ತೊಡಕೂ ಇಲ್ಲ. ಕೆಳಗಿನ ರಾಟೆಯ ಹಲ್ಲುಗಳನ್ನು ಮೇಲಿನ ರಾಟೆಯ ಹಲ್ಲುಗಳಿಂದ ಭಾಗಿಸಿದರೆ ಉತ್ತರ ಕೈಗೆ ಬರುತ್ತದೆ. ಮೂರನೆಯ ತರಗತಿಯ ಹುಡುಗನಿಗೂ ಅದು ಸಾಧ್ಯ. ತೊಡಕು ಪ್ರಾರಂಭವಾಗುವುದು ಹಲ್ಲಿಲ್ಲದ, ಉದ್ದುದ್ದ ಗೀರುಗಳುಳ್ಳ ಪಟ್ಟಿ ಬಂದಾಗ. ಕಾರ್ಖಾನೆಯಲ್ಲೇ ಸೂಪರ್‌ಚಾರ್ಜರ್ ಜೋಡಿಸಿ ಮಾರಿದ ಇತ್ತೀಚಿನ ಕಾರುಗಳಲ್ಲಿ ಹೆಚ್ಚಾಗಿ ಕಾಣುವುದು ಈ ಬಗೆಯ ಪಟ್ಟಿಯೇ.

ರಾಟೆಯ ತತ್ತ್ವ ತಿಳಿಯಲು ಮೋಟಾರು ಕಾರಿನವರೆಗೆ ಹೋಗಬೇಕಾಗಿಲ್ಲ. ಕಾಲಿನಿಂದ ತುಳಿಯುವ ಹೊಲಿಗೆಯಂತ್ರ ಇನ್ನೂ ಎಷ್ಟೋ ಮನೆಗಳ ಮೂಲೆಯಲ್ಲಿದೆ. ಕೆಳಗೆ ದೊಡ್ಡ ಗಾಲಿ, ಮೇಲೆ ಚಿಕ್ಕ ಗಾಲಿ, ನಡುವೆ ಚರ್ಮದ ಹುರಿ. ದೊಡ್ಡ ಗಾಲಿ ಒಂದು ಸುತ್ತು ಬರುವಷ್ಟರಲ್ಲಿ ಚಿಕ್ಕದು ಹಲವು ಸುತ್ತು ಬಂದು, ಸೂಜಿ ಅಷ್ಟು ಸಲ ಬಟ್ಟೆಯನ್ನು ಚುಚ್ಚುತ್ತದೆ. ಎಷ್ಟು ಸುತ್ತು ಎಂಬುದನ್ನು ಎರಡು ಗಾಲಿಗಳ ವ್ಯಾಸಗಳ ನಿಷ್ಪತ್ತಿ ನಿರ್ಧರಿಸುತ್ತದೆ. ಬೀದಿಯ ಕೊನೆಯ ಹಿಟ್ಟಿನ ಗಿರಣಿಯಲ್ಲಿ ‘ಪುಲ್ಲಿ ಬದಲಾಯಿಸಿದೆವು, ಹಿಟ್ಟು ಬಿಸಿಯಾಗುತ್ತಿದೆ’ ಎಂಬ ಮಾತು ಕೇಳಿಬಂದರೆ, ಅದೇ ಲೆಕ್ಕದ ಫಲ. ಬೀಸುವ ವೇಗ ಹೆಚ್ಚಿದರೆ ಹಿಟ್ಟು ಬೇಗ ಬರುತ್ತದೆ, ಬಿಸಿಯೂ ಏರುತ್ತದೆ. ಸೂಪರ್‌ಚಾರ್ಜರಿನ ಸುಖದುಃಖಗಳೆರಡೂ ಈ ಒಂದು ಮಾತಿನಲ್ಲಿ ಅಡಗಿವೆ.

ಈ ವಿಷಯಕ್ಕೆ ಒಳ್ಳೆಯ ನಿದರ್ಶನವಾಗಿ ನಿಲ್ಲುವ ಕಾರೆಂದರೆ ೨೦೦೨ರಿಂದ ೨೦೦೬ರ ವರೆಗೆ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ತಯಾರಾದ ಮಿನಿ ಕೂಪರ್ ಎಸ್. ಕಾರು ಇಂಗ್ಲೆಂಡಿನದಾದರೂ ಒಡೆತನ ಜರ್ಮನಿಯ ಬಿ. ಎಂ. ಡಬ್ಲ್ಯು. ಕಂಪೆನಿಯದು, ೧,೫೯೮ ಘನ ಸೆಂಟಿಮೀಟರಿನ ಎಂಜಿನ್ನು ಬರುತ್ತಿದ್ದುದು ಬ್ರೆಜಿಲಿನಿಂದ, ಸೂಪರ್‌ಚಾರ್ಜರ್ ಅಮೆರಿಕದ ಈಟನ್ ಕಂಪೆನಿಯ ‘ಎಂ ೪೫’. ಹೆಸರಿನಲ್ಲಿರುವ ೪೫ ಎಂಬುದು, ಒಂದು ಸುತ್ತಿಗೆ ಅದು ಮೊಗೆದು ಸಾಗಿಸುವ ಗಾಳಿಯ ಪ್ರಮಾಣ: ೪೫ ಘನ ಅಂಗುಲ, ಎಂದರೆ ಸುಮಾರು ೭೩೭ ಘನ ಸೆಂಟಿಮೀಟರ್. ಮೊದಲಿಗೆ ೧೬೩ ಅಶ್ವಶಕ್ತಿ ಇದ್ದುದು ೨೦೦೪ರಲ್ಲಿ ೧೭೦ಕ್ಕೆ ಏರಿತು. ಚಿಕ್ಕ ಕಾರಿಗೆ ಇದು ಕಡಮೆಯೇನಲ್ಲ. ಆದರೂ ಕಾರಿನ ಒಡೆಯರ ಕಣ್ಣು ಬಹುಬೇಗ ಸೂಪರ್‌ಚಾರ್ಜರಿನ ರಾಟೆಯ ಮೇಲೆ ಬಿದ್ದಿತು. ಇನ್ನೂ ಸ್ವಲ್ಪ ಚಿಕ್ಕ ರಾಟೆ ಹಾಕಿದರೆ? ಆ ಪ್ರಶ್ನೆ ಹುಟ್ಟಿದೊಡನೆ ಅಂಗಡಿಗಳೂ ಹುಟ್ಟಿಕೊಂಡವು. ನೂರಕ್ಕೆ ೧೫ರಷ್ಟು ಚಿಕ್ಕದು, ೧೭ರಷ್ಟು ಚಿಕ್ಕದು, ೧೯ರಷ್ಟು ಚಿಕ್ಕದು ಎಂದು ರಾಟೆಗಳು ಮಾರಾಟಕ್ಕೆ ಬಂದವು.

ಕಾಗದದ ಮೇಲಿನ ಲೆಕ್ಕವನ್ನು ಮೊದಲು ನೋಡಬಹುದು. ನಾಲ್ಕು ಹೊಡೆತಗಳ ಎಂಜಿನ್ನು ಎರಡು ಸುತ್ತಿಗೊಮ್ಮೆ ಪೂರ್ತಿ ಉಸಿರೆಳೆಯುವುದರಿಂದ, ಒಂದು ಸುತ್ತಿಗೆ ಅದಕ್ಕೆ ಹಿಡಿಸುವ ಗಾಳಿ ೧,೫೯೮ರ ಅರ್ಧ, ಎಂದರೆ ೭೯೯ ಘನ ಸೆಂಟಿಮೀಟರ್. ಎಂಜಿನ್ನಿನ ಒಂದು ಸುತ್ತಿಗೆ ಸೂಪರ್‌ಚಾರ್ಜರ್ ಎರಡು ಸುತ್ತು ಬರುತ್ತದೆಂದು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡರೆ, ಅದು ನೂಕುವ ಗಾಳಿ ೧,೪೭೪. ಎಂಟುನೂರು ಹಿಡಿಸುವ ಪಾತ್ರೆಗೆ ಹೆಚ್ಚುಕಡಮೆ ಸಾವಿರದ ಐನೂರು! ಸಂದುಗಳಲ್ಲಿ ಸೋರುವುದನ್ನು ಕಳೆದರೂ ಒತ್ತಡ ಏರಲೇಬೇಕು.

ಇಲ್ಲಿಯೇ ಮೊದಲನೆಯ ಬಲೆ ಇದೆ. ರಾಟೆ ನೂರಕ್ಕೆ ೧೫ರಷ್ಟು ಚಿಕ್ಕದಾದರೆ ವೇಗ ನೂರಕ್ಕೆ ೧೫ರಷ್ಟು ಹೆಚ್ಚುತ್ತದೆಂದು ಮೇಲುನೋಟಕ್ಕೆ ತೋರುತ್ತದೆ. ಅದು ನಿಜವಲ್ಲ. ನೂರು ಪಾಲಿನ ರಾಟೆ ೮೫ ಪಾಲಾಯಿತು. ವೇಗ ಅದರ ವಿಲೋಮವಾದುದರಿಂದ ೧೦೦ನ್ನು ೮೫ರಿಂದ ಭಾಗಿಸಬೇಕು. ಬರುವ ಹೆಚ್ಚಳ ನೂರಕ್ಕೆ ಹದಿನೇಳೂವರೆಗಿಂತ ತುಸು ಮಿಗಿಲು. ೧೯ರ ರಾಟೆಗೆ ಅದು ಇಪ್ಪತ್ತಮೂರೂವರೆ. ಹೆಸರಿನಲ್ಲಿ ಹದಿನೈದಕ್ಕೂ ಹತ್ತೊಂಬತ್ತಕ್ಕೂ ನಾಲ್ಕರ ಅಂತರ, ಓಟದಲ್ಲಿ ಆರರ ಅಂತರ. ಎಂಜಿನ್ನು ನಿಮಿಷಕ್ಕೆ ೭,೦೦೦ ಸುತ್ತು ಓಡುವಾಗ, ಮೂಲ ರಾಟೆಯಿಂದ ೧೪,೦೦೦ ಸುತ್ತು ಬರುತ್ತಿದ್ದ ರೋಟರುಗಳು ಹದಿನೈದರ ರಾಟೆಯಿಂದ ಸುಮಾರು ೧೬,೪೭೦, ಹತ್ತೊಂಬತ್ತರದರಿಂದ ಸುಮಾರು ೧೭,೨೮೦ ಸುತ್ತು ಬರುತ್ತವೆ. ಸಾಲ ಮಾಡುವವನು ಬಡ್ಡಿಯ ದರವನ್ನು ಮಾತ್ರ ನೋಡಿ ಚಕ್ರಬಡ್ಡಿಯನ್ನು ಮರೆಯುವಂತೆ, ರಾಟೆ ಕೊಳ್ಳುವವನೂ ಪೆಟ್ಟಿಗೆಯ ಮೇಲಿನ ಅಂಕೆಯನ್ನು ನೋಡಿ ಮೋಸಹೋಗುತ್ತಾನೆ. ಸೂಪರ್‌ಚಾರ್ಜರ್ ತಯಾರಿಸಿದವರು ರೋಟರುಗಳಿಗೆ ಇಷ್ಟೇ ವೇಗ ಎಂದು ಮಿತಿ ಹಾಕಿರುತ್ತಾರೆ. ಪೆಟ್ಟಿಗೆಯ ಅಂಕೆಯನ್ನು ಬದಿಗಿಟ್ಟು ಆ ಮಿತಿಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬಂದರೆ ಎಷ್ಟು ಚಿಕ್ಕ ರಾಟೆ ಸಲ್ಲುತ್ತದೆಂಬುದು ತಾನಾಗಿ ಗೊತ್ತಾಗುತ್ತದೆ.

ಇನ್ನು ಅಳತೆಯ ಮಾತು. ಹಳೆಯ ಕಾರು ಕೈಬದಲಾಗಿ ಬಂದಿದ್ದರೆ, ಅದರಲ್ಲಿ ಈಗಿರುವ ರಾಟೆ ಕಾರ್ಖಾನೆಯದೋ, ಹಿಂದಿನ ಒಡೆಯನು ಹಾಕಿಸಿದ್ದೋ ಯಾರು ಬಲ್ಲರು? ಮೂಲದ್ದೆಂದು ನಂಬಿ ಅದರ ಮೇಲೆ ಇನ್ನೂ ಚಿಕ್ಕದನ್ನು ಲೆಕ್ಕ ಹಾಕಿ ಎಂಜಿನ್ನು ಕಳೆದುಕೊಳ್ಳುವ ಸಂಭವ ಉಂಟು. ಆದುದರಿಂದ ಮೊದಲು ಅಳೆಯುವುದು, ಆಮೇಲೆ ಕೊಳ್ಳುವುದು. ಚಿಕ್ಕ ರಾಟೆಯನ್ನು ವರ್ನಿಯರ್ ಕ್ಯಾಲಿಪರಿನಿಂದಲೇ ಅಳೆಯಬೇಕು. ಬರೆಯುವ ಅಳತೆಪಟ್ಟಿ ಇದಕ್ಕೆ ಸಾಲದು. ದೊಡ್ಡ ರಾಟೆ ೧೩೦ ಮಿಲಿಮೀಟರ್, ಚಿಕ್ಕದು ಐವತ್ತೈದೂಕಾಲು ಎಂದು ಭಾವಿಸಿದರೆ, ಚಿಕ್ಕದರಲ್ಲಿ ಒಂದೇ ಒಂದು ಮಿಲಿಮೀಟರಿನ ತಪ್ಪು ಮೇಲ್ವೇಗದಲ್ಲಿ ನಿಮಿಷಕ್ಕೆ ಮುನ್ನೂರು ಸುತ್ತಿನ ತಪ್ಪಾಗುತ್ತದೆ. ದೊಡ್ಡದರಲ್ಲಿ ಅಷ್ಟೇ ತಪ್ಪು ಮಾಡಿದರೆ ನಷ್ಟ ಅದರ ಅರ್ಧಕ್ಕಿಂತ ಕಡಮೆ. ಚಿಕ್ಕದರ ವಿಷಯದಲ್ಲೇ ಹೆಚ್ಚು ಎಚ್ಚರ ಬೇಕು.

ಕ್ರ್ಯಾಂಕ್ ರಾಟೆ ಇರುವುದು ಇಕ್ಕಟ್ಟಿನಲ್ಲಿ. ಕ್ಯಾಲಿಪರಿನ ದವಡೆಗಳು ಅಲ್ಲಿಗೆ ಹೋಗುವುದಿಲ್ಲ. ಅದಕ್ಕೆ ಹಳೆಯ ದರ್ಜಿಯ ಉಪಾಯವೇ ಲೇಸು. ತೆಳುವಾದ ಕಾಗದದ ಪಟ್ಟಿಯನ್ನು ರಾಟೆಯ ಸುತ್ತ ಬಿಗಿಯಾಗಿ ಸುತ್ತಿ, ಕೂಡುವ ಜಾಗದಲ್ಲಿ ಸೂಜಿಯಿಂದ ಚುಚ್ಚಿ, ಬಿಚ್ಚಿ ನೀಳವಾಗಿ ಹಾಸಿ, ಎರಡು ತೂತುಗಳ ನಡುವಣ ದೂರವನ್ನು ಅಳೆದರೆ ಪರಿಧಿ ದೊರೆಯುತ್ತದೆ. ಅದನ್ನು ೩.೧೪೧೬ರಿಂದ ಭಾಗಿಸಿದರೆ ವ್ಯಾಸ. ಈ ಕ್ರಮದಲ್ಲಿ ಒಂದು ಸೊಗಸಿದೆ. ಕಾಗದದ ಮೇಲೆ ಒಂದು ಮಿಲಿಮೀಟರ್ ತಪ್ಪಿದರೂ ವ್ಯಾಸದಲ್ಲಿ ತಪ್ಪುವುದು ಅದರ ಮೂರನೆಯ ಒಂದು ಪಾಲು ಮಾತ್ರ.

ಆದರೆ ಯಾವ ವ್ಯಾಸ? ಪಟ್ಟಿಯ ಒಳಮೈಯಲ್ಲಿ ಗೀರುಗಳಿವೆ. ಅವು ರಾಟೆಯ ಗೀರುಗಳೊಳಗೆ ಕೂರುತ್ತವೆ. ಅಂತಹ ಎರಡು ಗೀರುಗಳ ನಡುವಣ ಅಂತರ ೩.೫೬ ಮಿಲಿಮೀಟರ್, ಮಿನಿಯ ಪಟ್ಟಿಗೆ ಅಂತಹ ಆರು ಏಣುಗಳು. ಎಳೆತವನ್ನು ಹೊರುವವು ಈ ಏಣುಗಳಲ್ಲ, ಪಟ್ಟಿಯ ಬೆನ್ನಿನೊಳಗೆ ಹುದುಗಿರುವ ಗಟ್ಟಿ ನೂಲುಗಳು. ರಾಟೆ ತಿರುಗುವುದು ಆ ನೂಲುಗಳ ವೇಗಕ್ಕೆ. ನೂಲುಗಳಿರುವುದು ರಾಟೆಯ ಅಂಚಿಗಿಂತ ತುಸು ಹೊರಗೆ. ಅವು ಒಂದೂವರೆ ಮಿಲಿಮೀಟರ್ ಹೊರಗಿವೆ ಎಂದಿಟ್ಟುಕೊಂಡರೆ ಪ್ರತಿಯೊಂದು ವ್ಯಾಸಕ್ಕೂ ಮೂರು ಮಿಲಿಮೀಟರ್ ಕೂಡಿಸಬೇಕು. ೧೩೦ ಮತ್ತು ೬೫ ಎಂಬ ಅಳತೆಗಳು ೧೩೩ ಮತ್ತು ೬೮ ಆಗುತ್ತವೆ. ಸರಿಯಾಗಿ ಎರಡು ಎಂದುಕೊಂಡಿದ್ದ ನಿಷ್ಪತ್ತಿ ೧.೯೬ಕ್ಕೆ ಇಳಿಯುತ್ತದೆ. ಚಿಕ್ಕ ರಾಟೆ ಐವತ್ತೈದೂಕಾಲು ಆದಾಗ ನಿಷ್ಪತ್ತಿ ೨.೩೫ ಅಲ್ಲ, ೨.೨೮. ಮೇಲ್ವೇಗದಲ್ಲಿ ಇವೆರಡರ ನಡುವೆ ನಿಮಿಷಕ್ಕೆ ಹತ್ತಿರ ಹತ್ತಿರ ಐನೂರು ಸುತ್ತುಗಳ ಅಂತರ! ಒಬ್ಬನು ಅಂಚನ್ನು ಅಳೆದು, ಇನ್ನೊಬ್ಬನು ಈ ತಿದ್ದುಪಡಿ ಮಾಡಿ, ‘ನನ್ನ ಲೆಕ್ಕವೇ ಸರಿ’ ಎಂದು ಗಂಟೆಗಟ್ಟಲೆ ವಾದಿಸುವುದು ಇಂತಹ ವಿಷಯದಲ್ಲಿ ಅಪರೂಪವಲ್ಲ.

ವಾದವನ್ನು ತೀರಿಸಲು ಒಂದು ತುಂಡು ಸೀಮೆಸುಣ್ಣ ಸಾಕು. ಎಂಜಿನ್ನನ್ನು ನಿಲ್ಲಿಸಿ, ತಣ್ಣಗಾದ ಮೇಲೆ ಸ್ಪಾರ್ಕ್ ಪ್ಲಗ್ಗುಗಳನ್ನು ಕಳಚಿದರೆ ಒಳಗಿನ ಗಾಳಿಯ ತಡೆ ಇಲ್ಲದೆ ಕ್ರ್ಯಾಂಕ್ ದಂಡವನ್ನು ಸ್ಪ್ಯಾನರಿನಿಂದ ಕೈಯಲ್ಲೇ ತಿರುಗಿಸಬಹುದು. ಕ್ರ್ಯಾಂಕ್ ರಾಟೆಯ ಮೇಲೊಂದು, ಸೂಪರ್‌ಚಾರ್ಜರಿನ ರಾಟೆಯ ಮೇಲೊಂದು ಗೆರೆ ಎಳೆದು, ಎಂಜಿನ್ನು ಓಡುವ ದಿಕ್ಕಿನಲ್ಲೇ ಕ್ರ್ಯಾಂಕನ್ನು ಹತ್ತು ಸುತ್ತು ತಿರುಗಿಸುತ್ತ ಮೇಲಿನ ಗೆರೆ ಎಷ್ಟು ಸಲ ಸುತ್ತಿ ಬಂದಿತೆಂದು ಎಣಿಸಬೇಕು. ಇಬ್ಬರಿದ್ದರೆ ಸುಲಭ; ಮನೆಯ ಮಗಳೊಬ್ಬಳು ಎಣಿಸಲು ನಿಂತರೆ ತಪ್ಪೂ ಆಗದು. ಹತ್ತೊಂಬತ್ತೂವರೆಗಿಂತ ತುಸು ಹೆಚ್ಚು ಬಂದರೆ ನಿಷ್ಪತ್ತಿ ೧.೯೬, ಇಪ್ಪತ್ತೆರಡೂಮುಕ್ಕಾಲನ್ನು ದಾಟಿದರೆ ಹಿಂದಿನ ಒಡೆಯನು ಆಗಲೇ ರಾಟೆ ಬದಲಿಸಿದ್ದಾನೆ ಎಂದು ತಿಳಿಯಬಹುದು. ಅಂಚೋ ನೂಲೋ ಎಂಬ ಚರ್ಚೆಗೆ ಇಲ್ಲಿ ಎಡೆಯೇ ಇಲ್ಲ. ಪಟ್ಟಿ ತಾನೇ ಸಾಕ್ಷಿ ಹೇಳುತ್ತದೆ.

ಅದೇ ಸೀಮೆಸುಣ್ಣಕ್ಕೆ ಇನ್ನೊಂದು ಕೆಲಸವುಂಟು. ಕ್ರ್ಯಾಂಕ್ ರಾಟೆ ಒಂದೇ ಲೋಹದ ತುಂಡಲ್ಲ. ಒಳಗಿನ ಗುಂಬಕ್ಕೂ ಹೊರಗಿನ ಬಳೆಗೂ ನಡುವೆ ರಬ್ಬರಿನ ಪದರವಿದ್ದು, ಅದು ಎಂಜಿನ್ನಿನ ನಡುಕವನ್ನು ನುಂಗಿಕೊಳ್ಳುತ್ತದೆ. ವರ್ಷಗಳು ಕಳೆದಂತೆ ರಬ್ಬರು ಒಣಗಿ ಬಿರುಕು ಬಿಟ್ಟು, ಹೊರಬಳೆ ಜಾರಲಾರಂಭಿಸುತ್ತದೆ. ಗುಂಬದಿಂದ ಬಳೆಯವರೆಗೆ ಒಂದು ನೇರ ಗೆರೆ ಎಳೆದು, ಕಾರನ್ನು ಕೆಲವು ಮೈಲಿ ಓಡಿಸಿ ಬಂದು ನೋಡಿದಾಗ ಗೆರೆ ಮುರಿದಿದ್ದರೆ, ಅದುವರೆಗೆ ಮಾಡಿದ ಎಲ್ಲ ಲೆಕ್ಕವೂ ವ್ಯರ್ಥ. ಹೊಸ ಚಿಕ್ಕ ರಾಟೆಗೆ ಹಣ ಕೂಡಿಟ್ಟವನು ಆ ಹಣವನ್ನು ಮೊದಲು ಇಲ್ಲಿಗೆ ವೆಚ್ಚ ಮಾಡುವುದು ವಿವೇಕ, ಮನಸ್ಸಿಗೆ ಎಷ್ಟೇ ಕಹಿಯಾದರೂ.

ಕ್ರ್ಯಾಂಕ್ ರಾಟೆಯನ್ನೇ ದೊಡ್ಡದು ಮಾಡಿದರಾಗದೆ ಎಂದು ಕೇಳುವವರುಂಟು. ಆಗುತ್ತದೆ. ಆದರೆ ಅದೇ ಪಟ್ಟಿ ವಿದ್ಯುತ್ತನ್ನು ಹುಟ್ಟಿಸುವ ಆಲ್ಟರ್ನೇಟರನ್ನೂ ಕಾರನ್ನು ತಂಪಾಗಿಸುವ ಯಂತ್ರವನ್ನೂ ತಿರುಗಿಸುತ್ತಿರುವುದರಿಂದ ಅವೆಲ್ಲವೂ ಬೇಡದ ವೇಗಕ್ಕೆ ಏರುತ್ತವೆ. ಸೂಪರ್‌ಚಾರ್ಜರಿನ ರಾಟೆಯನ್ನು ಚಿಕ್ಕದು ಮಾಡಿದರೆ ಬದಲಾಗುವುದು ಅದೊಂದೇ. ಮಿನಿಯಲ್ಲಿ ಮಾತ್ರ ಇದಕ್ಕೊಂದು ಅಪವಾದ. ಅದರ ನೀರಿನ ಪಂಪು ಸೂಪರ್‌ಚಾರ್ಜರಿನ ಇನ್ನೊಂದು ತುದಿಗೆ ಅಂಟಿಕೊಂಡು ಅದರಿಂದಲೇ ಓಡುತ್ತದೆ. ರೋಟರುಗಳ ವೇಗ ಏರಿದಂತೆ ಪಂಪಿನ ವೇಗವೂ ಏರುತ್ತದೆ.

ಇಷ್ಟೆಲ್ಲ ಲೆಕ್ಕ ಸರಿಹೋದ ಮೇಲೂ ಉಳಿಯುವ ಶತ್ರುವೆಂದರೆ ಬಿಸಿ. ಸೈಕಲ್ಲಿಗೆ ಗಾಳಿ ತುಂಬುವಾಗ ಪಂಪಿನ ಬುಡ ಕೈ ಸುಡುವುದನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹೊರಗಿನ ಗಾಳಿ ೩೦ ಡಿಗ್ರಿ ಸೆಂಟಿಗ್ರೇಡ್ ಇದ್ದು, ಅದನ್ನು ಮೂಲ ಒತ್ತಡದ ೧.೮ ಪಟ್ಟಿಗೆ ಒತ್ತಿದರೆ, ಯಾವ ನಷ್ಟವೂ ಇಲ್ಲದ ಆದರ್ಶ ಯಂತ್ರದಲ್ಲೇ ಅದು ೮೫ ಡಿಗ್ರಿಗೆ ಕಾಯುತ್ತದೆ. ಯಂತ್ರದ ದಕ್ಷತೆ ನೂರಕ್ಕೆ ೬೦ ಎಂದು ಹಿಡಿದರೆ ಶಾಖ ೧೨೨ ಡಿಗ್ರಿ ಮುಟ್ಟುತ್ತದೆ. ಒತ್ತಡವನ್ನು ಎರಡು ಪಟ್ಟಿಗೆ ಏರಿಸಿದರೆ ೧೪೦ನ್ನೂ ದಾಟುತ್ತದೆ. ಬಿಸಿಯಾದ ಗಾಳಿ ಹಿಗ್ಗುತ್ತದೆ. ಹಿಗ್ಗಿದ ಗಾಳಿಯಲ್ಲಿ ಪ್ರಾಣವಾಯು ಕಡಮೆ. ಒತ್ತಿ ತುಂಬಿದ್ದರ ಒಂದು ಪಾಲು ಹೀಗೆ ಬಿಸಿಯ ಬಾಯಿಗೆ ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದು, ಬಿಸಿಯಾದ ಮಿಶ್ರಣ ಕಿಡಿ ತಾಗಿದ ಮೇಲೆ ಕ್ರಮವಾಗಿ ಉರಿಯದೆ, ಇನ್ನೂ ಉರಿಯದೆ ಉಳಿದ ಮೂಲೆಯಲ್ಲಿ ತಾನಾಗಿ ಸಿಡಿಯುವುದು. ಆಗ ಪಿಸ್ಟನ್ನಿನ ಮೇಲೆ ಸುತ್ತಿಗೆಯ ಪೆಟ್ಟು ಬಿದ್ದಂತೆ ಟಣಟಣ ಸದ್ದು ಕೇಳುತ್ತದೆ. ಆ ಸದ್ದನ್ನು ಅಲಕ್ಷಿಸಿದವನು ಕೆಲವೇ ದಿನಗಳಲ್ಲಿ ಪಿಸ್ಟನ್ನಿನ ನೆತ್ತಿ ಕರಗಿ ತೂತಾಗಿರುವುದನ್ನು ನೋಡಬೇಕಾದೀತು. ಮಿನಿಯಲ್ಲಿ ಎಂಜಿನ್ನಿನ ಮೇಲೆಯೇ ಗಾಳಿಯನ್ನು ತಣಿಸುವ ಜಾಲರಿಯಿದೆ. ಮುಚ್ಚಳದ ಮೇಲಿನ ಬಾಯಿಯಿಂದ ಒಳನುಗ್ಗುವ ಗಾಳಿ ಅದನ್ನು ತಂಪಾಗಿಡುತ್ತದೆ. ಕಾರು ಓಡುತ್ತಿರುವಾಗ ಇದು ಸರಿ. ಸಂಜೆಯ ನೂಕುನುಗ್ಗಲಿನಲ್ಲಿ ಕಾರು ನಿಂತಲ್ಲೇ ನಿಂತಾಗ, ಕೆಳಗಿನ ಎಂಜಿನ್ನಿನ ಕಾವಿಗೆ ತಣಿಸುವ ಜಾಲರಿಯೇ ಕಾಯುತ್ತದೆ.

ಊರಿನ ಎತ್ತರವೂ ಈ ಲೆಕ್ಕದೊಳಗೆ ಬರುತ್ತದೆ ಎಂಬುದನ್ನು ಎಷ್ಟೋ ಮಂದಿ ಗಮನಿಸುವುದಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೯೨೦ ಮೀಟರ್ ಮೇಲಿದೆ. ಅಲ್ಲಿನ ಗಾಳಿಯ ಒತ್ತಡ ಮಂಗಳೂರಿನ ಒತ್ತಡಕ್ಕಿಂತ ಹೆಚ್ಚುಕಡಮೆ ಹತ್ತನೆಯ ಒಂದು ಪಾಲು ಕಡಮೆ. ರಾಟೆ ಒತ್ತಡವನ್ನು ಇಷ್ಟು ಪಟ್ಟು ಏರಿಸಬಲ್ಲದೇ ಹೊರತು, ಎಲ್ಲಿಂದ ಏರಿಸಬೇಕೆಂಬುದನ್ನು ತಿಳಿಯದು. ಬೆಂಗಳೂರಿನಲ್ಲಿ ಸೌಮ್ಯವಾಗಿ ನಡೆದುಕೊಂಡ ರಾಟೆ, ಶಿರಾಡಿ ಘಟ್ಟ ಇಳಿದು ಕರಾವಳಿಯ ದಟ್ಟವಾದ, ಬಿಸಿಯಾದ ಗಾಳಿಯನ್ನು ಹೀರಿದಾಗ ಟಣಟಣ ಸದ್ದು ಎಬ್ಬಿಸಿದರೆ ದೋಷ ಪೆಟ್ರೋಲಿನದಲ್ಲ. ರಾಟೆಯನ್ನು ಆರಿಸುವಾಗ ಕಾರು ಹೋಗಬಹುದಾದ ಅತ್ಯಂತ ತಗ್ಗಿನ, ಅತ್ಯಂತ ಸೆಕೆಯ ಊರನ್ನು ನೆನೆದು ಆರಿಸಬೇಕು.

ಚಿಕ್ಕ ರಾಟೆಯನ್ನು ಪಟ್ಟಿ ಅಪ್ಪಿಕೊಳ್ಳುವ ಉದ್ದವೂ ಚಿಕ್ಕದು. ಹಿಡಿತ ಸಾಲದೆ ಹೋದರೆ ಪಟ್ಟಿ ಜಾರಿ, ಕೀರಲು ಸದ್ದು ಮಾಡಿ, ಸುತ್ತಮುತ್ತ ಕರಿಯ ಹುಡಿಯನ್ನು ಉದುರಿಸುತ್ತದೆ. ಹತ್ತೊಂಬತ್ತರ ರಾಟೆಯಲ್ಲಿ ಜಾರುವ ಪಟ್ಟಿಗಿಂತ ಹದಿನೈದರಲ್ಲಿ ಬಿಗಿಯಾಗಿ ಹಿಡಿದ ಪಟ್ಟಿ ಹೆಚ್ಚು ಗಾಳಿ ಕೊಡುವುದೂ ಉಂಟು. ರಾಟೆ ಚಿಕ್ಕದಾದಾಗ ಹಳೆಯ ಪಟ್ಟಿ ಉದ್ದವಾಗುತ್ತದೆ. ಅದನ್ನು ಎಳೆದು ಹಿಡಿಯುವ ಸ್ಪ್ರಿಂಗಿನ ತೋಳು ಕೊನೆಯ ತಡೆಗೆ ಬಂದು ನಿಂತರೆ ಅನಂತರ ಅದು ಎಳೆಯಲಾರದು. ಆದುದರಿಂದ ರಾಟೆಯ ಜೊತೆಗೆ ಸ್ವಲ್ಪ ಗಿಡ್ಡ ಪಟ್ಟಿಯನ್ನೂ ಕೊಳ್ಳಬೇಕು. ಸವೆದ ರಾಟೆಯನ್ನು ಗುರುತಿಸುವುದಕ್ಕೆ ಅಳತೆಗಿಂತ ಕಣ್ಣು ಮೇಲು. ಗೀರಿನ ತಳ ಮಿರಮಿರ ಮಿಂಚುತ್ತಿದ್ದರೆ ಪಟ್ಟಿ ಬದಿಗಳನ್ನು ಹಿಡಿಯದೆ ತಳ ಮುಟ್ಟಿದೆ ಎಂದರ್ಥ. ಅಂಚಿನ ವ್ಯಾಸ ಮಾತ್ರ ಮೊದಲಿನಷ್ಟೇ ಇರುವುದರಿಂದ ಕ್ಯಾಲಿಪರು ಇದನ್ನು ಹೇಳುವುದಿಲ್ಲ.

ಜೋಡಿಸುವ ಕೆಲಸದಲ್ಲಿ ಆತುರ ಸಲ್ಲದು. ಮಿನಿಯ ರಾಟೆಗೆ ತಿರುಪಿಲ್ಲ. ದಂಡಕ್ಕಿಂತ ಕೂದಲೆಳೆಯಷ್ಟು ಕಿರಿದಾದ ತೂತಿಗೆ ದಂಡವನ್ನು ಒತ್ತಿ ಕೂರಿಸಿರುತ್ತಾರೆ. ಬಿಡಿಸಲು ಅದಕ್ಕೆಂದೇ ಇರುವ, ಸಮನಾಗಿ ಹಿಡಿದೆಳೆಯುವ ಸಾಧನ ಬೇಕು. ಸುತ್ತಿಗೆಯಿಂದ ಹೊಡೆದರೆ ಪೆಟ್ಟು ದಂಡದ ಮೂಲಕ ಒಳಗಿನ ಬೇರಿಂಗುಗಳಿಗೂ, ಒಂದನ್ನೊಂದು ಮುಟ್ಟದೆ ತಿರುಗಬೇಕಾದ ರೋಟರುಗಳಿಗೂ ಹೋಗುತ್ತದೆ. ಹೊಸ ರಾಟೆಯನ್ನು ಕಾಯಿಸಿ ಏರಿಸುವ ಪದ್ಧತಿಯೂ ಇದೆ. ಅದನ್ನು ಹಳ್ಳಿಯ ಕಮ್ಮಾರನಿಗೆ ಯಾರೂ ಕಲಿಸಬೇಕಾಗಿಲ್ಲ. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟೆಯನ್ನು ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ತೊಡಿಸಿ, ನೀರು ಹೊಯ್ದು ಬಿಗಿಗೊಳಿಸುವ ವಿದ್ಯೆ ಇದೇ ತಾನೆ? ರಾಟೆಗೆ ಅಷ್ಟು ಬೆಂಕಿ ಬೇಡ. ೨೦ ಮಿಲಿಮೀಟರಿನ ಉಕ್ಕಿನ ತೂತು ೧೫೦ ಡಿಗ್ರಿಯಷ್ಟು ಕಾದರೆ ಹಿಗ್ಗುವುದು ಮಿಲಿಮೀಟರಿನ ನೂರರಲ್ಲಿ ಮೂರೂವರೆ ಪಾಲು ಮಾತ್ರ. ಅಷ್ಟೇ ಸಾಕು.

೨೦೦೬ರ ಕೊನೆಗೆ ಬಂದ ಹೊಸ ಮಿನಿ ಕೂಪರ್ ಎಸ್ ಕಾರಿನಲ್ಲಿ ಸೂಪರ್‌ಚಾರ್ಜರಿನ ಜಾಗಕ್ಕೆ ಹೊಗೆಯ ರಭಸದಿಂದಲೇ ತಿರುಗುವ ಟರ್ಬೋ ಬಂದಿತು. ಅದಕ್ಕೆ ಪಟ್ಟಿಯೂ ಇಲ್ಲ, ರಾಟೆಯೂ ಇಲ್ಲ. ಹಳೆಯ ಕಾರುಗಳನ್ನು ಇಟ್ಟುಕೊಂಡವರು ಇನ್ನೂ ರಾಟೆಗಳನ್ನು ಕೊಳ್ಳುತ್ತಲೇ ಇದ್ದಾರೆ. ಅವರಲ್ಲಿ ಬಲ್ಲವರು ಹೊಸ ರಾಟೆಯನ್ನು ಏರಿಸಿದ ಮೇಲೆ, ಪ್ಲಗ್ಗುಗಳನ್ನು ಮತ್ತೆ ಹಾಕುವ ಮುನ್ನ, ಸೀಮೆಸುಣ್ಣದ ಗೆರೆಯೆಳೆದು ಇನ್ನೊಮ್ಮೆ ಹತ್ತು ಸುತ್ತು ಎಣಿಸುತ್ತಾರೆ. ಎಣಿಸಿದ ಅಂಕೆಯನ್ನೂ ತಾರೀಖನ್ನೂ ಒಂದು ಚೀಟಿಯಲ್ಲಿ ಬರೆದು, ಕಳಚಿದ ಹಳೆಯ ರಾಟೆಯೊಡನೆ ಬಟ್ಟೆಯಲ್ಲಿ ಸುತ್ತಿ ಕಾರಿನ ಹಿಂಬದಿಯ ಪೆಟ್ಟಿಗೆಯಲ್ಲಿ ಇಡುತ್ತಾರೆ, ಮುಂದೆ ಆ ಕಾರನ್ನು ಕೊಳ್ಳುವವನಿಗೆ ಸಿಗಲೆಂದು.